ಬಳ್ಳಾರಿ–ತೋರಣಗಲ್ಲು ದಿನದ ಓಡಾಟಕ್ಕೆ ಯಾವ ಸಣ್ಣ ಕಾರು? ಪೆಟ್ರೋಲಾ, ಸಿಎನ್‌ಜಿನಾ?

ಕೌಲ್‌ಬಜಾರ್_ಹುಡುಗ
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮನೆ, ತೋರಣಗಲ್ಲು ಹತ್ತಿರ ಕೆಲಸ. ಹೋಗಿ ಬಂದು ದಿನಕ್ಕೆ ಸುಮಾರು 60 ಕಿ.ಮೀ. ಆಗುತ್ತೆ. ಇಲ್ಲಿಯವರೆಗೆ ಬೈಕಲ್ಲೇ ಓಡಾಡಿದೆ. ಬೇಸಿಗೆಯ ಬಿಸಿಲು, ಲಾರಿ ಎಬ್ಬಿಸೋ ಕೆಂಪು ಧೂಳು, ನೈಟ್ ಶಿಫ್ಟ್ ಮುಗಿಸಿ ಬರುವಾಗ ಎಳೆಯೋ ನಿದ್ದೆ, ಎಲ್ಲ ಸೇರಿ ಸಾಕಾಗಿದೆ. ಈ ಸಲ ಕಾರು ತಗೊಳ್ಳೋದು ಗ್ಯಾರಂಟಿ.

ಆನ್ ರೋಡ್ ಏಳೂವರೆ ಲಕ್ಷ ದಾಟಬಾರದು. ನೋಡಿರೋದು ಮಾರುತಿಯ ಸೆಲೆರಿಯೊ, ವ್ಯಾಗನ್ ಆರ್, ಟಾಟಾದ ಟಿಯಾಗೊ. ವಾರಪೂರ್ತಿ ನಾನೊಬ್ಬನೇ. ಭಾನುವಾರ ಅಪ್ಪ, ಅಮ್ಮ, ಹೆಂಡತಿ, ಯುಕೆಜಿ ಓದೋ ಮಗಳು ಎಲ್ಲರೂ. ಬ್ರೋಷರ್‌ನಲ್ಲಿ ಮೈಲೇಜ್ ಲೀಟರ್‌ಗೆ 25, 26 ಕಿ.ಮೀ. ಅಂತ ಬರೆದಿರ್ತಾರೆ. ಆಫೀಸಲ್ಲಿ ಕೇಳಿದರೆ ಒಬ್ಬರು 18 ಅಂತಾರೆ, ಇನ್ನೊಬ್ಬರು 22 ಅಂತಾರೆ. ನಮ್ಮ ಕಡೆ ರಸ್ತೆಯಲ್ಲಿ ದಿನಾ ಓಡಿಸೋರು ದಯವಿಟ್ಟು ಹೇಳಿ.

ಸಂಡೂರು_ಸವಾರ
ಸೆಲೆರಿಯೊ ಸಿಎನ್‌ಜಿ. ಕಣ್ಣು ಮುಚ್ಕೊಂಡು ತಗೊಳ್ಳಿ.

ಕುಡತಿನಿ_ಎಕ್ಸ್‌ಪ್ರೆಸ್
ಕಣ್ಣು ಬಿಟ್ಕೊಂಡೇ ತಗೊಳ್ಳಿ. ಮೊದಲು ಡಿಕ್ಕಿ ತೆಗೆಸಿ ನೋಡಿ. 60 ಲೀಟರ್ ಸಿಲಿಂಡರ್ ಕೂತ ಮೇಲೆ ಅಲ್ಲಿ ಒಂದು ಸ್ಕೂಲ್ ಬ್ಯಾಗ್ ಹಿಡಿದರೆ ಹೆಚ್ಚು. ಭಾನುವಾರ ಐದು ಜನ ಹೊರಟರೆ ಬ್ಯಾಗು ತೊಡೆ ಮೇಲೆ. ಟಿಯಾಗೊದಲ್ಲಿ 30 ಲೀಟರಿನ ಎರಡು ಸಿಲಿಂಡರ್‌ನ ಡಿಕ್ಕಿಯ ಕೆಳಗೆ ಮಲಗಿಸಿದ್ದಾರೆ. ಮೇಲೆ ಲಗೇಜ್ ಇಡಬಹುದು.

ಕೊಪ್ಪಳದ_ಲೆಕ್ಕ
ಬ್ರೋಷರ್ ಅಂಕಿ ಸುಳ್ಳಲ್ಲ, ಆದ್ರೆ ಅದು ನಮ್ಮ ರಸ್ತೆಯ ಅಂಕಿಯೂ ಅಲ್ಲ. ಆ ಅಂಕಿ ಕೊಡೋ ಎಆರ್‌ಎಐ (ಗಾಡಿ ಪರೀಕ್ಷೆ ಮಾಡೋ ಸಂಸ್ಥೆ) ಟೆಸ್ಟ್ ನಡೆಯೋದು ಲ್ಯಾಬ್‌ನಲ್ಲಿ, ರೋಲರ್ ಮೇಲೆ, ಎಸಿ ಆಫ್ ಮಾಡಿ. ಗುಂಡಿ ಇಲ್ಲ, ಎದುರು ಗಾಳಿ ಇಲ್ಲ, ಮುಂದೆ ತೆವಳೋ ಲಾರಿ ಇಲ್ಲ. ಒಂದು ಕಾರನ್ನ ಇನ್ನೊಂದರ ಜೊತೆ ಹೋಲಿಸೋಕೆ ಮಾತ್ರ ಅದನ್ನ ಇಟ್ಕೊಳ್ಳಿ. ಸೆಲೆರಿಯೊ ಎಎಂಟಿ (ಗೇರ್ ತಾನೇ ಬದಲಾಗೋದು) 26.68ರ ತನಕ ಇದೆ. ವ್ಯಾಗನ್ ಆರ್ 1 ಲೀಟರ್ ಮ್ಯಾನುಯಲ್ 24.35, ಆಲ್ಟೊ ಕೆ10 ಮ್ಯಾನುಯಲ್ 24.39, ಹೊಸ ಸ್ವಿಫ್ಟ್ ಮ್ಯಾನುಯಲ್ 24.80. ಟಿಯಾಗೊ ಪೆಟ್ರೋಲ್ 20ರ ಆಸುಪಾಸು. ಇದರಲ್ಲಿ ಐದರಲ್ಲಿ ಒಂದು ಪಾಲು ಕಳೆದರೆ ಎಸಿ ಹಾಕಿ ಓಡಿಸೋರಿಗೆ ಸಿಗೋದು ಹೆಚ್ಚು ಕಡಿಮೆ ಗೊತ್ತಾಗುತ್ತೆ.

ಈಗ ನಿಮ್ಮ ಲೆಕ್ಕ. ದಿನಕ್ಕೆ 60, ತಿಂಗಳಿಗೆ 25 ದಿನ, ಅಂದ್ರೆ 1500 ಕಿ.ಮೀ. ಪೆಟ್ರೋಲ್ ಕಾರು 20 ಕೊಟ್ಟರೆ 75 ಲೀಟರ್. ಲೀಟರ್‌ಗೆ 104 ಅಂತ ಹಿಡಿದರೆ 7,800 ರೂಪಾಯಿ. ಸಿಎನ್‌ಜಿ ಕೆ.ಜಿ.ಗೆ 27 ಕೊಟ್ಟು, ಕೆ.ಜಿ.ಗೆ 90 ರೂಪಾಯಿ ಅಂತ ಹಿಡಿದರೆ 5,000. ತಿಂಗಳಿಗೆ 2,800 ಉಳಿಯುತ್ತೆ. ಸಿಎನ್‌ಜಿ ಮಾಡೆಲ್‌ಗೆ ಸುಮಾರು 90 ಸಾವಿರ ಜಾಸ್ತಿ ಕೊಡ್ತೀರಿ. ಅದು ವಾಪಸ್ ಬರೋಕೆ 32 ತಿಂಗಳು ಬೇಕು. ಆಮೇಲಿನದ್ದೆಲ್ಲ ಲಾಭ. ಹತ್ತು ವರ್ಷ ಇಟ್ಕೊಳ್ಳೋ ಕಾರಿಗೆ ಇದು ಒಳ್ಳೆ ಲೆಕ್ಕ.

ಆದ್ರೆ ಊರೊಳಗೇ ತಿಂಗಳಿಗೆ 500 ಕಿ.ಮೀ. ಓಡಿಸೋರಿಗೆ ಅದೇ 90 ಸಾವಿರ ವಾಪಸ್ ಬರೋಕೆ 8 ವರ್ಷ. ಅಂಥವರು ಸುಮ್ನೆ ಪೆಟ್ರೋಲ್ ತಗೊಳ್ಳಿ.

ತೋರಣಗಲ್ಲು_ನೈಟ್‌ಶಿಫ್ಟ್
ಲೆಕ್ಕ ಸರಿ ಇದೆ ಸರ್, ಆದ್ರೆ ಬಂಕ್ ಮುಂದೆ ನಿಲ್ಲೋ ಹೊತ್ತನ್ನ ಯಾರು ಲೆಕ್ಕ ಹಾಕ್ತಾರೆ? ಒಂದು ಸಲ ತುಂಬಿಸಿದರೆ 200 ಕಿ.ಮೀ. ಚಿಲ್ಲರೆ. 60 ಕಿ.ಮೀ. ಓಡಾಟಕ್ಕೆ ವಾರಕ್ಕೆ ಎರಡು ಸಲ ಕ್ಯೂ. ಆಟೋದವರೆಲ್ಲ ಅಲ್ಲೇ ಇರ್ತಾರೆ. ಪ್ರೆಶರ್ ಇಲ್ಲ ಅಂದ್ರೆ ಅರ್ಧ ತುಂಬಿಸಿ ಕಳಿಸ್ತಾರೆ.

ಇನ್ನೊಂದು ವಿಷಯ, ಇದು ನಮ್ಮೂರ ಬಿಸಿಲಿಗೆ ಮುಖ್ಯ. ಗ್ಯಾಸ್ ತುಂಬಿಸೋದು 200 ಬಾರ್ ಒತ್ತಡದಲ್ಲಿ. ಬಿಸಿಯಾದ ಸಿಲಿಂಡರ್‌ಗೆ ಅದೇ ಒತ್ತಡದಲ್ಲಿ ಕಮ್ಮಿ ಗ್ಯಾಸ್ ಹೋಗುತ್ತೆ. ಏಪ್ರಿಲ್, ಮೇ ಮಧ್ಯಾಹ್ನ ಮೀಟರ್ ಬೇಗ ನಿಲ್ಲೋದು ಅದಕ್ಕೇ. ಬೆಳಗ್ಗೆ ಬೇಗ ಹೋಗಿ, ಇಲ್ಲಾಂದ್ರೆ ರಾತ್ರಿ ಹತ್ತರ ಮೇಲೆ ಹೋಗಿ. ಕ್ಯೂನೂ ಕಮ್ಮಿ, ಗ್ಯಾಸೂ ಜಾಸ್ತಿ. ನೈಟ್ ಶಿಫ್ಟ್‌ನವರಿಗೆ ಇದೊಂದು ಅನುಕೂಲ.

ಸಂಡೂರು_ಸವಾರ
ಅದನ್ನೇ ಹೇಳಿದ್ದು ನಾನು. ಸೆಲೆರಿಯೊ ಸಿಎನ್‌ಜಿ.

ಸಿರುಗುಪ್ಪ_ಗದ್ದೆಬಯಲು
ಎಲ್ಲರೂ ಕೆ.ಜಿ.ಗೆ ಎಷ್ಟು, ಲೀಟರ್‌ಗೆ ಎಷ್ಟು ಅಂತಲೇ ಮಾತಾಡ್ತಿದ್ದೀರಿ. ಅವರು ಓಡಿಸೋ ರಸ್ತೆ ಯಾವುದು ನೋಡಿ. ಅದಿರು ಲಾರಿ, ಕಬ್ಬಿಣದ ಕಾಯಿಲ್ ಹೊತ್ತ ಟ್ರೇಲರ್, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್. ಅದರಲ್ಲೂ ರಾತ್ರಿ ಎರಡು ಗಂಟೆಗೆ. ನಮ್ಮ ಕಡೆ ಸುಗ್ಗಿಯಲ್ಲಿ ಭತ್ತದ ಟ್ರೇಲರ್ ಕೆಟ್ಟು ನಿಂತರೆ ಹಿಂದೆ ಎರಡು ಕಲ್ಲು ಇಡ್ತಾರೆ, ಒಂದು ರಿಫ್ಲೆಕ್ಟರ್ ಕೂಡ ಇರಲ್ಲ. ಹತ್ತಿರ ಬರೋ ತನಕ ಕಾಣಲ್ಲ.

ವ್ಯಾಗನ್ ಆರ್‌ಗೆ ಗ್ಲೋಬಲ್ ಎನ್‌ಕ್ಯಾಪ್ (ಕಾರು ಗುದ್ದಿಸಿ 5 ಸ್ಟಾರ್ ತನಕ ಸುರಕ್ಷತೆ ರೇಟಿಂಗ್ ಕೊಡೋ ಸಂಸ್ಥೆ) 2023ರಲ್ಲಿ ದೊಡ್ಡವರ ರಕ್ಷಣೆಗೆ ಕೊಟ್ಟಿದ್ದು 1 ಸ್ಟಾರ್, ಮಕ್ಕಳ ರಕ್ಷಣೆಗೆ ಸೊನ್ನೆ. ಬಾಡಿ ಗಟ್ಟಿಯಾಗಿ ನಿಲ್ಲಲ್ಲ ಅಂತಲೂ ಬರೆದಿದ್ದಾರೆ. ಆಲ್ಟೊ ಕೆ10ಗೆ 2 ಸ್ಟಾರ್. ಟಿಯಾಗೊಗೆ 2020ರಲ್ಲಿ 4 ಸ್ಟಾರ್ ಬಂದಿತ್ತು. ಯುಕೆಜಿ ಮಗು ಇದೆ ಅಂತ ನೀವೇ ಬರೆದಿದ್ದೀರಿ. ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ, ಟಿಯಾಗೊ ತಗೊಳ್ಳಿ.

ವ್ಯಾಗನ್ಆರ್_ಮನೆ
2023ರಲ್ಲಿ ಟೆಸ್ಟ್ ಮಾಡಿದ್ದು ಎರಡು ಏರ್‌ಬ್ಯಾಗ್ ಇದ್ದ ಗಾಡಿ. 2025ರಿಂದ ಆಲ್ಟೊ, ಸೆಲೆರಿಯೊ, ವ್ಯಾಗನ್ ಆರ್ ಎಲ್ಲದಕ್ಕೂ ಆರು ಏರ್‌ಬ್ಯಾಗ್ ಇದೆ. ಮತ್ತೆ ಟಿಯಾಗೊದ 4 ಸ್ಟಾರ್ ಹಳೆ ನಿಯಮದ್ದು, ಆಮೇಲೆ ಟೆಸ್ಟ್ ಬಿಗಿಯಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು ಸರಿಯಲ್ಲ.

ಸಿರುಗುಪ್ಪ_ಗದ್ದೆಬಯಲು
ಹಳೆ ನಿಯಮ ಅನ್ನೋದು ನಿಜ, ಒಪ್ಪಿದೆ. ಆದ್ರೆ ಏರ್‌ಬ್ಯಾಗ್ ಆರು ಇದ್ದ ಮಾತ್ರಕ್ಕೆ ಬಾಡಿ ಗಟ್ಟಿ ಆಗಲ್ಲ. ತಗಡು ಒಳಗೆ ಮಡಚಿಕೊಂಡು ಬಂದರೆ ಬ್ಯಾಗ್ ಏನು ಮಾಡುತ್ತೆ?

ವ್ಯಾಗನ್ಆರ್_ಮನೆ
ಅವರು ಈಗ ಬೈಕಲ್ಲಿ ಹೋಗ್ತಿದ್ದಾರೆ ಅಣ್ಣ. ಯಾವ ಕಾರು ತಗೊಂಡರೂ ಅದಕ್ಕಿಂತ ಮೇಲು.

ಸಿರುಗುಪ್ಪ_ಗದ್ದೆಬಯಲು
ಮೇಲು ಹೌದು. ಆದ್ರೆ ಏಳು ಲಕ್ಷ ಕೊಡುವಾಗ ಅಷ್ಟಕ್ಕೇ ಯಾಕೆ ನಿಲ್ಲಬೇಕು? ಬೈಕಲ್ಲಿ ಒಬ್ಬರೇ ಹೋಗ್ತಿದ್ದರು. ಕಾರಲ್ಲಿ ಮನೆ ಮಂದಿಯೆಲ್ಲ ಕೂರ್ತಾರೆ.

ಕೊಪ್ಪಳದ_ಲೆಕ್ಕ
ಮೈಲೇಜೂ ಬೇಕು, ಗಟ್ಟಿ ಬಾಡಿಯೂ ಬೇಕು ಅನ್ನೋರಿಗೆ ಹೊಸ ಡಿಜೈರ್ ಇದೆ. 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿತು. ಮ್ಯಾನುಯಲ್ 24.79. ಬಜೆಟ್ ಸ್ವಲ್ಪ ಮೀರಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಮೊದಲಿನಷ್ಟು ದೂರ ಇಲ್ಲ. ಒಮ್ಮೆ ಆನ್ ರೋಡ್ ಬೆಲೆ ಬರೆಸಿಕೊಳ್ಳಿ.

ಗಂಗಾವತಿ_ಟೀಚರ್
ನಾನು ದಿನಾ ಗಂಗಾವತಿಯಿಂದ ಹಳ್ಳಿ ಶಾಲೆಗೆ ಓಡಿಸ್ತೀನಿ. ಎಎಂಟಿ. ನನ್ನ ಅನುಭವದಲ್ಲಿ ಊರೊಳಗೆ ಎಎಂಟಿ ಮ್ಯಾನುಯಲ್‌ಗಿಂತ ಕಮ್ಮಿ ಕೊಡಲ್ಲ, ಯಾಕಂದ್ರೆ ಗೇರ್ ಸರಿಯಾದ ಹೊತ್ತಿಗೆ ತಾನೇ ಬದಲಾಗುತ್ತೆ. ನಮ್ಮವರು ನಾಲ್ಕನೇ ಗೇರಲ್ಲಿ 30ರಲ್ಲಿ ಎಳೆದುಕೊಂಡು ಹೋಗ್ತಾರೆ, ಎಂಜಿನ್ ನಡುಗುತ್ತೆ, ಮೈಲೇಜ್ ಉಳೀತು ಅಂದುಕೊಳ್ತಾರೆ. ಅದು ಎಂಜಿನ್‌ಗೂ ಒಳ್ಳೇದಲ್ಲ, ಪೆಟ್ರೋಲೂ ಉಳಿಯಲ್ಲ.

ಆದ್ರೆ ಓವರ್‌ಟೇಕ್ ಮಾಡುವಾಗ ಎಎಂಟಿ ಒಂದು ಕ್ಷಣ ತಡೆಯುತ್ತೆ. ಅದು ಅಭ್ಯಾಸ ಆಗಬೇಕು. ಲಾರಿ ದಾಟೋಕೆ ಮುಂಚೆ ಮ್ಯಾನುಯಲ್ ಮೋಡ್‌ಗೆ ಹಾಕಿ ಒಂದು ಗೇರ್ ಇಳಿಸಿಕೊಂಡರೆ ಸಲೀಸು.

ತೋರಣಗಲ್ಲು_ನೈಟ್‌ಶಿಫ್ಟ್
ಟೀಚರ್ ಒಳ್ಳೆ ಮಾತು ಎತ್ತಿದ್ದಾರೆ. ಓವರ್‌ಟೇಕ್ ವಿಷಯದಲ್ಲಿ ಸಿಎನ್‌ಜಿ ಇನ್ನೂ ಮೆತ್ತಗೆ. ಸೆಲೆರಿಯೊ ಪೆಟ್ರೋಲ್‌ನಲ್ಲಿ 67 ಪಿಎಸ್ ಶಕ್ತಿ, ಗ್ಯಾಸ್‌ನಲ್ಲಿ 57ರ ಹತ್ತಿರ. ಟಿಯಾಗೊ 1.2 ಲೀಟರ್, ಪೆಟ್ರೋಲ್‌ನಲ್ಲಿ 86, ಗ್ಯಾಸ್‌ನಲ್ಲೂ 73ರ ಮೇಲೆ. ಐದು ಜನ ಕೂತು ಎಸಿ ಹಾಕಿ ಲಾರಿ ದಾಟುವಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ. ಎರಡೇ ಲೇನ್ ಇರೋ ಕಡೆ ಆತುರ ಬೇಡ, ಹಿಂದೆಯೇ ಬನ್ನಿ.

ರಾಯಚೂರು_ಬಿಸಿಲು
ಎಸಿ ಹಾಕದೆ ಮೈಲೇಜ್ ತೆಗೀತೀನಿ ಅನ್ನೋರನ್ನ ಮೇ ತಿಂಗಳಲ್ಲಿ ಒಂದು ಸಲ ರಾಯಚೂರಿಂದ ಸಿಂಧನೂರಿಗೆ ಕಳಿಸಬೇಕು. 42 ಡಿಗ್ರಿಯಲ್ಲಿ ಕಿಟಕಿ ಇಳಿಸಿದರೆ ಒಲೆ ಬಾಗಿಲು ತೆಗೆದ ಹಾಗೆ. ಹೈವೇಯಲ್ಲಿ ಕಿಟಕಿ ಇಳಿಸಿದರೆ ಗಾಳಿ ಹಿಡಿದು ಎಳೆಯುತ್ತೆ, ಅದರಿಂದಲೂ ಪೆಟ್ರೋಲ್ ಹೋಗುತ್ತೆ. ಎಸಿ ಹಾಕಿಯೇ ಹೋಗಿ.

ಉಳಿಸಬೇಕಂದ್ರೆ ಹೀಗೆ ಮಾಡಿ. ನೆರಳಲ್ಲಿ ನಿಲ್ಲಿಸಿ. ಹತ್ತಿದ ಕೂಡಲೇ ನಾಲ್ಕೂ ಕಿಟಕಿ ಇಳಿಸಿ ಸ್ವಲ್ಪ ದೂರ ಹೋಗಿ, ಒಳಗಿನ ಬಿಸಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಏರಿಸಿ ಎಸಿ ಹಾಕಿ, ಒಳಗಿನ ಗಾಳಿಯೇ ತಿರುಗೋ ಬಟನ್ ಒತ್ತಿ. ಧೂಳೂ ಬರಲ್ಲ, ಕಂಪ್ರೆಸರ್‌ಗೂ ಹಗುರ. ಬಣ್ಣ ಬಿಳಿ ಅಥವಾ ಸಿಲ್ವರ್ ತಗೊಳ್ಳಿ. ಕಪ್ಪು ಕಾರು ನಮ್ಮ ಜಿಲ್ಲೆಗಳಿಗೆ ಆಗಲ್ಲ.

ಗ್ರೀಸ್_ಕೈ
ನಾನು ಗ್ಯಾರೇಜ್ ಕೆಲಸದವನು. ಮೈಲೇಜ್ ಬರ್ತಿಲ್ಲ ಅಂತ ಬರೋ ಗಾಡಿಯಲ್ಲಿ ಮೊದಲು ತೆಗೆಯೋದು ಏರ್ ಫಿಲ್ಟರ್. ಸಂಡೂರು, ತೋರಣಗಲ್ಲು ಕಡೆ ಓಡಾಡೋ ಗಾಡಿ ಫಿಲ್ಟರ್ ತೆಗೆದರೆ ಬಿಳಿ ಪೇಪರ್ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ನೆಲಕ್ಕೆ ತಟ್ಟಿದರೆ ಕೆಂಪು ಪುಡಿ ಉದುರುತ್ತೆ. ಮಡಿಕೆಗಳ ಸಂದಿಯಲ್ಲಿ ಅದಿರಿನ ಮಿನುಗು ಕಾಣುತ್ತೆ. ಪುಸ್ತಕದಲ್ಲಿ ಬರೆದಿರೋ ಕಿ.ಮೀ. ನಮ್ಮ ಊರಿಗಲ್ಲ. ಅರ್ಧ ದೂರಕ್ಕೇ ತೆಗೆದು ನೋಡಿ. ಗಾಳಿ ಹೊಡೆಯೋದಾದ್ರೆ ಒಳಗಿಂದ ಹೊರಗೆ ಹೊಡೀಬೇಕು. ಹೊರಗಿಂದ ಹೊಡೆದರೆ ಧೂಳು ಪೇಪರ್ ಒಳಗೇ ನಾಟಿಕೊಳ್ಳುತ್ತೆ. ನೀರಲ್ಲಿ ತೊಳೆಯೋ ಕೆಲಸ ಮಾತ್ರ ಬೇಡ.

ಎಸಿ ಫಿಲ್ಟರ್ ಬೇರೆ ಇರುತ್ತೆ, ಗ್ಲೋವ್ ಬಾಕ್ಸ್ ಹಿಂದೆ. ಅದು ಕಟ್ಟಿದರೆ ತಂಪು ಬರಲ್ಲ, ಜನ ಎಸಿ ಗ್ಯಾಸ್ ಕಮ್ಮಿ ಆಗಿದೆ ಅಂದುಕೊಂಡು ದುಡ್ಡು ಸುರೀತಾರೆ. ಟೈರ್ ಗಾಳಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟು, ಬೆಳಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ. ಸಿಎನ್‌ಜಿ ತಗೊಂಡರೆ 3 ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಗಟ್ಟಿ ಇದೆಯಾ ನೋಡೋದು) ಆಗಲೇಬೇಕು, ಮರೀಬೇಡಿ. ಹೊರಗಡೆ ಕಿಟ್ ಹಾಕಿಸೋದು ಬೇಡ, ಕಂಪನಿಯಿಂದ ಬಂದದ್ದೇ ತಗೊಳ್ಳಿ.

ಕೌಲ್‌ಬಜಾರ್_ಹುಡುಗ
ಗ್ರೀಸ್ ಕೈ ಅಣ್ಣ, ತುಂಬಾ ಥ್ಯಾಂಕ್ಸ್. ಇಂಥದ್ದನ್ನ ಶೋರೂಮ್‌ನಲ್ಲಿ ಯಾರೂ ಹೇಳಲ್ಲ. ಅಲ್ಲಿ ಒಬ್ಬರು ಟೆಸ್ಟ್ ಡ್ರೈವ್‌ಗೂ ಮುಂಚೆ ಸೀಟ್ ಕವರ್ ಬಿಲ್ ತೋರಿಸಿದರು.

ಇನ್ನೊಂದು ಪ್ರಶ್ನೆ. 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ಬಂದ ಮೇಲೆ ಮೈಲೇಜ್ ಬಿದ್ದಿದೆ ಅಂತಾರಲ್ಲ, ನಿಜಾನಾ?

ಕುಡತಿನಿ_ಎಕ್ಸ್‌ಪ್ರೆಸ್
ಬಿದ್ದಿದೆ. ನನ್ನ ಹಳೆ ಗಾಡಿಯಲ್ಲಿ ಚೆನ್ನಾಗಿ ಗೊತ್ತಾಗ್ತಿದೆ.

ಕೊಪ್ಪಳದ_ಲೆಕ್ಕ
ಸ್ವಲ್ಪ ಬೀಳಲೇಬೇಕು. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಒಟ್ಟು 6–7 ಪರ್ಸೆಂಟ್ ಕಮ್ಮಿ. ಇದು ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ. ಮೊದಲು 10 ಪರ್ಸೆಂಟ್ ಇತ್ತಲ್ಲ, ಅದಕ್ಕೆ ಹೋಲಿಸಿದರೆ ಇಳಿಕೆ ಅದರ ಅರ್ಧ. 22 ಕೊಡ್ತಿದ್ದ ಗಾಡಿ 15ಕ್ಕೆ ಬಿತ್ತು ಅಂದ್ರೆ ಕಾರಣ ಎಥನಾಲ್ ಅಲ್ಲ, ಬೇರೆ ಏನೋ ಇದೆ. ಸಿಎನ್‌ಜಿಯಲ್ಲಿ ಓಡುವಾಗ ಈ ತಲೆನೋವೇ ಇಲ್ಲ.

ಯಲಬುರ್ಗಾ_ರೈತ
ಎಥನಾಲ್ ಮಾತು ಬಂತಲ್ಲ, ಒಂದು ಮಾತು ಹೇಳ್ತೀನಿ. ಮೆಕ್ಕೆಜೋಳದಿಂದ ಎಥನಾಲ್ ಮಾಡ್ತಾರೆ, ರೈತರಿಗೆ ರೇಟ್ ಬರುತ್ತೆ ಅಂದ್ರು. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಸುಗ್ಗಿಯಲ್ಲಿ ಮಾರ್ಕೆಟ್ಟಿಗೆ ಹೋದರೆ ಅದಕ್ಕಿಂತ ಎಷ್ಟೋ ಕೆಳಗೆ ಕೇಳಿದರು. ಗಾಡಿಯವರಿಗೆ ಮೈಲೇಜ್ ಕಮ್ಮಿ, ನಮಗೆ ರೇಟ್ ಕಮ್ಮಿ. ನಡುವೆ ಯಾರಿಗೆ ಲಾಭ ಆಯ್ತು?

ವ್ಯಾಗನ್ಆರ್_ಮನೆ
ಅಣ್ಣ, ಇದಕ್ಕೆ ಬೇರೆ ಚರ್ಚೆ ತೆಗೀರಿ, ನಾನೂ ಬರ್ತೀನಿ. ನಿಮ್ಮ ಮಾತು ಸರಿ ಇದೆ.

ಯಲಬುರ್ಗಾ_ರೈತ
ಸರಿ. ಕಾರಿನ ವಿಷಯವೇ ಹೇಳ್ತೀನಿ. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ತೊಗರಿ ಎಲ್ಲ ರಸ್ತೆ ಮೇಲೆ ಹಾಕ್ತಾರೆ, ಗಾಡಿ ಓಡಾಡಿ ಒಕ್ಕಣೆ ಆಗಲಿ ಅಂತ. ಅದರ ಮೇಲೆ ಸಣ್ಣ ಕಾರು ಹೋದರೆ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತೆ, ಸೈಲೆನ್ಸರ್ ಬಿಸಿಗೆ ಹೊಗೆ ಬರುತ್ತೆ. ಬೆಂಕಿ ಹತ್ತಿದ ಗಾಡಿಗಳೂ ಇವೆ. ಪಕ್ಕದಲ್ಲಿ ಖಾಲಿ ಜಾಗ ಇದ್ದರೆ ಅಲ್ಲೇ ಹೋಗಿ. ದಾಟಲೇಬೇಕಾದ್ರೆ ಆಚೆ ಹೋಗಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿದ್ದನ್ನ ಕಿತ್ತು ಹಾಕಿ. ಹಾಕೋ ರೈತರಿಗೂ ಹೇಳ್ತೀನಿ, ಕಣ ಇದ್ದರೆ ಕಣದಲ್ಲೇ ಮಾಡಿ.

ಗಂಗಾವತಿ_ಟೀಚರ್
ಇದು ನೂರಕ್ಕೆ ನೂರು ನಿಜ. ನಮ್ಮ ಶಾಲೆ ದಾರಿಯಲ್ಲಿ ಪ್ರತಿ ವರ್ಷ ಇರುತ್ತೆ. ನೆಲದಿಂದ ಎತ್ತರ ಎಷ್ಟಿದೆ ಅಂತಲೂ ನೋಡಿ. ರೆನೊ ಕ್ವಿಡ್ 184 ಎಂಎಂ, ಟಿಯಾಗೊ, ಸೆಲೆರಿಯೊ 170, ವ್ಯಾಗನ್ ಆರ್ 165. ಹಳ್ಳಿ ಹಂಪ್‌ಗಳು ಅಳತೆ ಇಲ್ಲದೆ ಹಾಕಿರ್ತಾರೆ. ಐದು ಜನ ಕೂತಾಗ ಹೊಟ್ಟೆ ತಾಗುತ್ತೆ.

ಶಕ್ತಿನಗರ_ಕರೆಂಟ್
ದಿನಾ 60 ಕಿ.ಮೀ., ಒಂದೇ ದಾರಿ, ಸಂಜೆ ಮನೆಗೆ ವಾಪಸ್. ಇದು ಇವಿಗೆ, ಅಂದ್ರೆ ಬ್ಯಾಟರಿ ಕಾರಿಗೆ, ಹೇಳಿ ಮಾಡಿಸಿದ ಓಡಾಟ. ಯಾಕೆ ಯಾರೂ ಹೇಳಿಲ್ಲ? ಟಿಯಾಗೊ ಇವಿ 24 ಕಿಲೋವ್ಯಾಟ್ ಅವರ್ ಬ್ಯಾಟರಿ. ಮನೆಯ 15 ಆಂಪ್ ಸಾಕೆಟ್‌ನಲ್ಲಿ ರಾತ್ರಿ ಒಂಬತ್ತು ತಾಸು ಹಾಕಿದರೆ ಪೂರ್ತಿ ತುಂಬುತ್ತೆ. 60 ಕಿ.ಮೀ.ಗೆ ಎಂಟೊಂಬತ್ತು ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 63 ರೂಪಾಯಿ. ಪೆಟ್ರೋಲ್‌ಗೆ ದಿನಕ್ಕೆ 300ರ ಮೇಲೆ ಆಗುತ್ತೆ.

ಕೌಲ್‌ಬಜಾರ್_ಹುಡುಗ
ಆಸೆ ಇದೆ ಸರ್. ಆದ್ರೆ ಬಾಡಿಗೆ ಮನೆ, ಗಾಡಿ ನಿಲ್ಲಿಸೋದು ಬೀದಿಯಲ್ಲಿ. ವೈರ್ ಎಳೆಯೋಕೆ ಓನರ್ ಬಿಡಲ್ಲ. ಬೆಲೆಯೂ ನನ್ನ ಬಜೆಟ್ ದಾಟುತ್ತೆ.

ಶಕ್ತಿನಗರ_ಕರೆಂಟ್
ಹಾಗಾದ್ರೆ ಬೇಡ. ಸ್ವಂತ ಪಾರ್ಕಿಂಗ್ ಇಲ್ಲದೆ ಇವಿ ತಗೊಂಡರೆ ನೆಮ್ಮದಿ ಇರಲ್ಲ. ಸ್ವಂತ ಮನೆ ಇರೋರು ಮಾತ್ರ ಒಮ್ಮೆ ಈ ಲೆಕ್ಕ ಹಾಕಿ ನೋಡಿ.

ಹೊಸಪೇಟೆ_ಡ್ಯಾಮ್
ಹಳೆ ಡೀಸೆಲ್ ಸ್ವಿಫ್ಟ್ ಸಿಕ್ಕರೆ ನೋಡಿ. ಆ ಮೈಲೇಜ್ ಈಗಿನ ಯಾವ ಪೆಟ್ರೋಲ್‌ಗೂ ಬರಲ್ಲ.

ಗ್ರೀಸ್_ಕೈ
ಮಾರುತಿ ಡೀಸೆಲ್ ನಿಲ್ಲಿಸಿದ್ದು 2020ರ ಏಪ್ರಿಲ್‌ನಲ್ಲಿ. ಈಗ ಸಿಗೋದೆಲ್ಲ ಅದಕ್ಕಿಂತ ಹಳೇವು. ಟರ್ಬೊ, ಇಂಜೆಕ್ಟರ್, ಕ್ಲಚ್ ಒಂದು ಸಲ ಕೈ ಕೊಟ್ಟರೆ ಎರಡು ವರ್ಷ ಉಳಿಸಿದ ದುಡ್ಡು ಒಂದೇ ಬಿಲ್‌ನಲ್ಲಿ ಹೋಗುತ್ತೆ. ಪೂರ್ತಿ ಸರ್ವೀಸ್ ದಾಖಲೆ ಇದ್ದರೆ ಮಾತ್ರ ಮುಂದುವರೀರಿ.

ಸಂಡೂರು_ಸವಾರ
ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಸೆಲೆರಿಯೊ ಸಿಎನ್‌ಜಿ. ಸರ್ವೀಸ್ ಎಲ್ಲ ತಾಲೂಕಲ್ಲೂ ಸಿಗುತ್ತೆ, ಬಿಡಿಭಾಗ ಅಗ್ಗ, ಮಾರುವಾಗ ರೇಟ್ ಬರುತ್ತೆ.

ಸಿರುಗುಪ್ಪ_ಗದ್ದೆಬಯಲು
ನನ್ನ ಮಾತೂ ಬದಲಾಗಿಲ್ಲ. ರಾತ್ರಿ ಆ ರಸ್ತೆಯಲ್ಲಿ ಗಟ್ಟಿ ಗಾಡಿ ಬೇಕು. ಮಗಳಿಗೆ ಐಸೊಫಿಕ್ಸ್ ಕೊಂಡಿ (ಕಾರಿಗೇ ನೇರ ಸಿಕ್ಕಿಸೋದು) ಇರೋ ಮಕ್ಕಳ ಸೀಟ್ ಹಾಕಿಸಿ, ಮಡಿಲಲ್ಲಿ ಕೂರಿಸ್ಕೊಂಡು ಮುಂದೆ ಕೂರೋದು ಬೇಡವೇ ಬೇಡ. ಹಿಂದೆ ಕೂತ ಅಪ್ಪ ಅಮ್ಮನೂ ಬೆಲ್ಟ್ ಹಾಕ್ಲಿ.

ಕೌಲ್‌ಬಜಾರ್_ಹುಡುಗ
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮನೆಯಲ್ಲಿ ಕೂತು ಎಲ್ಲ ಓದಿ ಹೇಳಿದೆ. ಹೆಂಡತಿ ಓದಿದ್ದು ಸಿರುಗುಪ್ಪ ಅಣ್ಣನ ಮಾತು ಮಾತ್ರ, ಅಲ್ಲಿಗೆ ಅರ್ಧ ತೀರ್ಮಾನ ಆಯ್ತು. ಟಿಯಾಗೊ ಸಿಎನ್‌ಜಿ ಮ್ಯಾನುಯಲ್ ನೋಡ್ತೀವಿ. ಬ್ರೋಷರ್‌ನಲ್ಲಿ 26.49 ಇದೆ. 21, 22 ಬಂದರೂ ಪೆಟ್ರೋಲ್‌ಗಿಂತ ಖರ್ಚು ಕಮ್ಮಿಯೇ. ಸೆಲೆರಿಯೊದಷ್ಟು ಉಳಿಯಲ್ಲ, ಅದು ಗೊತ್ತಿದೆ. ಡಿಜೈರ್ ಆನ್ ರೋಡ್ ಬೆಲೆಯೂ ಬರೆಸಿಕೊಂಡು ಬರ್ತೀನಿ. ಟೆಸ್ಟ್ ಡ್ರೈವ್ ರಾಯಲ್ ಸರ್ಕಲ್ ಸುತ್ತ ಬೇಡ, ಕುಡತಿನಿ ತನಕ ಹೈವೇಯಲ್ಲಿ ಕೊಡಿ ಅಂತ ಕೇಳ್ತೀನಿ.

ತೋರಣಗಲ್ಲು_ನೈಟ್‌ಶಿಫ್ಟ್
ಹೋಗುವಾಗ ಐದೂ ಜನ ಹೋಗಿ. ಒಬ್ಬರೇ ಓಡಿಸಿದರೆ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತೆ.

ಗ್ರೀಸ್_ಕೈ
ಮತ್ತೆ ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸಬೇಕು ಅನ್ನೋ ಕಡ್ಡಾಯ ಏನೂ ಇಲ್ಲ. ಹೊರಗೂ ಒಂದು ಕೊಟೇಶನ್ ತಗೊಂಡು ಹೋಗಿ ತೋರಿಸಿ. ರೇಟ್ ಅಲ್ಲೇ ಇಳಿಸ್ತಾರೆ.